ಸವೆದುಹೋದ ಅ

“ಅಪ್ಪಾರ, ಗುರುತು ಓದಿದರ ಕೂಸನ್ನ ಓದಿದಂಗ ಆತಲ್ರಿ?” ಎಂದು ಮಹಾನಂದಾ ಕೇಳಿದಳು.

ಕೇಳುವಾಗ ಅವಳು ಏದುಸಿರು ಬಿಡುತ್ತಿದ್ದಳು. ಮಠದ ಶಾಲೆಯಿಂದ ಮಠದ ಪಡಸಾಲೆಗೆ ನೂರು ಹೆಜ್ಜೆ. ಅಷ್ಟನ್ನೂ ಓಡಿಕೊಂಡೇ ಬಂದಿದ್ದಳು. ಒಂದು ಕೈಯಲ್ಲಿ ಟ್ಯಾಬ್ಲೆಟ್ಟು, ಇನ್ನೊಂದರಲ್ಲಿ ಒಂದು ಹಾಳೆ. ಮಹಾನಂದಾ ಆ ಶಾಲೆಯಲ್ಲಿ ಒಂದನೆಯ ಇಯತ್ತೆಯ ಮಕ್ಕಳಿಗೆ ಕಲಿಸುವವಳು. ಅವಳಿಗೆ ಅಕ್ಷರ ಕಲಿಸಿದವರು ಮಠದ ಸ್ವಾಮಿಗಳಾದ ಅಪ್ಪನವರೇ. ಅವಳು ಶಿಕ್ಷಕಿಯಾಗಿ ನಾಲ್ಕು ವರ್ಷವಾಗಿತ್ತು. ಆದರೂ ಮನಸ್ಸಿನಲ್ಲಿ ಏನಾದರೂ ಏಳಲಿ, ಅವರ ಮುಂದೆ ಬಂದು ಕೂರುವ ರೂಢಿ ಬಿಟ್ಟಿರಲಿಲ್ಲ. ಬೇರೆ ದಿನ ಸಂದೇಹ ಹೊತ್ತು ಬರುತ್ತಿದ್ದಳು. ಇಂದು ಸಂತೋಷ ತಡೆಯಲಾರದೆ ಬಂದಿದ್ದಳು.

“ಕುಂದ್ರು ತಂಗಿ. ಉಸರು ತಗೋ. ಯಾವ ಗುರುತು?” ಎಂದರು ಅಪ್ಪನವರು.

ಮಹಾನಂದಾ ಕೂತಳು, ಉಸಿರು ಮಾತ್ರ ತೆಗೆದುಕೊಳ್ಳಲಿಲ್ಲ. ಒಂದೇ ಸಮನೆ ಹೇಳಿದಳು. ಆರು ತಿಂಗಳ ಹಿಂದೆ ಶಾಲೆಯ ಮಕ್ಕಳಿಗೆ ಟ್ಯಾಬ್ಲೆಟ್ಟುಗಳು ಬಂದಿದ್ದವು. ತೆರೆಯ ಮೇಲೆ ಚುಕ್ಕಿಗಳಲ್ಲಿ ಅಕ್ಷರ ಮೂಡುತ್ತದೆ. ಮಗು ಅದರ ಮೇಲೆ ಬೆರಳಾಡಿಸುತ್ತದೆ. ಕೆಳಗೆ ಎರಡು ಗುಂಡಿ. ಒಂದು ‘ಮುಂದೆ’, ಇನ್ನೊಂದು ‘ತಿದ್ದು’. ‘ತಿದ್ದು’ ಒತ್ತಿದರೆ ಅದೇ ಅಕ್ಷರ ಮತ್ತೆ ಚುಕ್ಕಿಗಳಲ್ಲಿ ಮೂಡುತ್ತದೆ. ಬಂದಾಗ ಗುಂಡಿಗಳ ಮೇಲೆ ಇಂಗ್ಲಿಷ್ ಇತ್ತು. ನಮ್ಮ ಮಕ್ಕಳಿಗೆ ತಿಳಿಯಲಿ ಎಂದು ಹಟ ಹಿಡಿದು ಈ ಎರಡು ಕನ್ನಡ ಮಾತು ಹಾಕಿಸಿದವಳು ಮಹಾನಂದಾಳೇ. ಮಕ್ಕಳು ಅದನ್ನು ಮನೆಗೂ ಒಯ್ಯುತ್ತಾರೆ. ಯಾವ ಮಗು ಎಷ್ಟು ಹೊತ್ತು ಕೂತಿತು, ಯಾವ ಅಕ್ಷರದ ಹತ್ತಿರ ನಿಂತಿತು, ಯಾವ ಗುಂಡಿ ಎಷ್ಟು ಸಲ ಒತ್ತಿತು, ಎಲ್ಲದರ ಗುರುತೂ ಯಂತ್ರದಲ್ಲಿ ಉಳಿಯುತ್ತದೆ. ‘ತಿದ್ದು’ ಒತ್ತಿದ ಪ್ರತಿ ಸಲವನ್ನೂ ಅದು ಒಂದು ತಪ್ಪು ಎಂದು ಎಣಿಸುತ್ತದೆ. ಎಣಿಸಿ, ಮಗುವಿನ ಹೆಸರಿನ ಮುಂದೆ ಹಸಿರು ಇಲ್ಲವೇ ಕೆಂಪು ಬಣ್ಣ ಹಚ್ಚುತ್ತದೆ.

ಮೂವತ್ತಾರು ಮಕ್ಕಳ ಆರು ತಿಂಗಳು ಒಂದೇ ಹಾಳೆಯ ಮೇಲೆ ಬಂದು ನಿಂತಿತ್ತು. ಅದನ್ನು ನೋಡಿದಾಗಿನಿಂದ ಮಹಾನಂದಾಳಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ನಾಳೆಯಿಂದ ವರ್ಗವನ್ನು ಎರಡು ಮಾಡುವುದೆಂದು ಅವಳೇ ಯೋಚಿಸಿದ್ದಳು. ಹಸಿರು ಬಂದವರು ಪದ ಓದುವ ಕೋಣೆಗೆ ಹೋಗಬೇಕು. ಕೆಂಪು ಬಂದ ಐವರು ಟ್ಯಾಬ್ಲೆಟ್ಟು ಹಿಂದಿರುಗಿಸಿ, ಹೊಸದಾಗಿ ಸೇರಿದ ಚಿಕ್ಕ ಮಕ್ಕಳ ಜೊತೆ ಕೂತು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಆ ಐವರ ಹೆಸರಿನ ಹಾಳೆಗೆ ಅಪ್ಪನವರ ಸಹಿ ಬೇಕಿತ್ತು. ಮೊದಲನೆಯ ಹೆಸರು ಲಗಮವ್ವ.

“ಈ ಲಗಮವ್ವ ಒಂದೇ ತಿಂಗಳದಾಗ ಇನ್ನೂರಾ ಹನ್ನೆರಡು ಸಲ ‘ತಿದ್ದು’ ಒತ್ಯಾಳ್ರಿ,” ಎಂದಳು ಮಹಾನಂದಾ. “ಇಷ್ಟು ದಿನ ನಾ ಆಕೀನ್ನ ಭಾಳ ಶಾಣ್ಯಾಕಿ ಅಂತ ತಿಳಕೊಂಡಿದ್ದೆ. ಈ ಹಾಳಿ ನೋಡಿ ನನ್ನ ಕಣ್ಣು ತೆರೀತ್ರಿ.”

ಅಪ್ಪನವರು ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡರು. ಪೆನ್ನು ತೆಗೆದುಕೊಂಡರು. ಅದರ ಮುಚ್ಚಳ ಬಿಚ್ಚಲಿಲ್ಲ.

“ಸಹಿ ಮಾಡೂಣಂತ. ಮೊದಲ ಒಂದು ಕತಿ ಕೇಳು,” ಎಂದರು.

ಒಂದು ಊರು. ಆ ಊರಿನಲ್ಲಿ ಮಕ್ಕಳಿಗೆ ಓದು ಬರಹ ಕಲಿಸುವ ಐಗಳು ಒಬ್ಬರಿದ್ದರು. ಮಕ್ಕಳು ನಲವತ್ತು, ಐಗಳ ಕೈ ಎರಡು. ಒಂದು ಮಗುವಿನ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ಬರೆಸುವಷ್ಟರಲ್ಲಿ ಉಳಿದ ಮೂವತ್ತೊಂಬತ್ತು ಮಕ್ಕಳು ಆ ಮರಳನ್ನು ಒಬ್ಬರ ತಲೆಗೊಬ್ಬರು ಸುರಿದುಕೊಂಡಿರುತ್ತಿದ್ದರು. ಐಗಳು ಬೈದು ಬೈದು ದಣಿಯುತ್ತಿದ್ದರು. ಮಕ್ಕಳಿಗೆ ದಣಿವೆಂಬುದು ಗೊತ್ತಿರಲಿಲ್ಲ.

ಐಗಳ ಎದುರು ಮನೆಯಲ್ಲಿ ಒಬ್ಬ ಬಡಗಿ. ಕೈಯಲ್ಲಿ ಕೆಲಸವಿರಲಿ ಇಲ್ಲದಿರಲಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಇನ್ನೂ ಚೆನ್ನಾಗಿ ಮಾಡಬಹುದಿತ್ತಲ್ಲ ಎಂದು ಒದ್ದಾಡುವ ಜಾತಿ ಅವನದು. ಒಂದು ವರ್ಷ ಈ ಮರಳಾಟ ನೋಡಿದ. ತಡೆಯದಾದ. ಮೆತ್ತನೆಯ ಮರದ ನಲವತ್ತು ಹಲಗೆ ಮಾಡಿ, ಒಂದೊಂದರಲ್ಲೂ ಅ ದಿಂದ ಳ ವರೆಗೆ ಅಕ್ಷರಗಳನ್ನು ತೋಡಿದ. ಅಕ್ಷರ ಎದ್ದು ಕಾಣಲೆಂದು ತೋಡಿಗೆ ಮಸಿ ಬಳಿದ. ಮಗು ಒಂದು ಬಿದಿರು ಕಡ್ಡಿ ಹಿಡಿದು ಆ ತೋಡಿನಲ್ಲಿ ಓಡಿಸಿದರೆ ಸಾಕು, ಅಕ್ಷರದ ದಾರಿ ಬೆರಳಿಗೆ ಹತ್ತುತ್ತದೆ. ಐಗಳು ಕೈ ಹಿಡಿಯಬೇಕಾಗಿಲ್ಲ. ಹಲಗೆಯೇ ಕೈ ಹಿಡಿಯುತ್ತದೆ. ಸಂಜೆ ಮಕ್ಕಳು ಅದನ್ನು ಮನೆಗೂ ಒಯ್ಯಬಹುದು.

ಹಲಗೆಗಳು ಬಂದ ದಿನ ಊರಿಗೆ ಊರೇ ಐಗಳ ಅಂಗಳದಲ್ಲಿ ನೆರೆಯಿತು. ಮಕ್ಕಳು ಸದ್ದಿಲ್ಲದೆ ಕೂತು ಕಡ್ಡಿ ಓಡಿಸುತ್ತಿದ್ದರು. ಅಷ್ಟು ವರ್ಷದಲ್ಲಿ ಮೊದಲ ಸಲ ಐಗಳು ಪಾಠದ ಹೊತ್ತಿನಲ್ಲಿ ತಮ್ಮ ದನಿ ತಾವೇ ಕೇಳಿಸಿಕೊಂಡರು. ಬಡಗಿಯ ಎದೆ ಉಬ್ಬಿತು, ಉಬ್ಬಬೇಕಾದದ್ದೇ.

ತಿಂಗಳು ಕಳೆಯಿತು. ಅಮಾವಾಸ್ಯೆ ಬಂತು. ಅಂದು ಪಾಠಕ್ಕೆ ಬಿಡುವು. ಮಸಿ ಹೋಗಿದೆ, ಮತ್ತೆ ಬಳಿದು ಕೊಡು ಎಂದು ಐಗಳು ನಲವತ್ತೂ ಹಲಗೆಗಳನ್ನು ಬಡಗಿಯ ಮನೆಗೆ ಕಳಿಸಿದರು. ಬಡಗಿಯ ಮನೆತನದಲ್ಲಿ ಅಮಾವಾಸ್ಯೆಯಂದು ಉಳಿ ಮುಟ್ಟುವಂತಿಲ್ಲ. ಬೇರೆ ಅಮಾವಾಸ್ಯೆಗಳಲ್ಲಿ ಅವನು ಹೊತ್ತು ಹೋಗದೆ ಹೆಂಡತಿಯ ಅಡುಗೆಯಲ್ಲಿ ಹುಳುಕು ಹುಡುಕುತ್ತಿದ್ದ. ಈ ಸಲ ಹಲಗೆಗಳನ್ನು ಸಾಲಾಗಿ ಗೋಡೆಗೆ ನಿಲ್ಲಿಸಿ ನೋಡುತ್ತ ಕೂತ.

ನೋಡುತ್ತ ನೋಡುತ್ತ ಎದ್ದು ನಿಂತ.

ಕಡ್ಡಿ ಓಡಿದ ಕಡೆ ಮಸಿ ಹೋಗಿ ಬಿಳಿ ಮರ ಕಾಣುತ್ತಿತ್ತು. ಓಡದ ಕಡೆ ಮಸಿ ಹಾಗೇ ಇತ್ತು. ಒಂದು ಹಲಗೆಯಲ್ಲಿ ಈ ಅಕ್ಷರ ಬೆಳ್ಳಗೆ, ಇನ್ನೊಂದರಲ್ಲಿ ಆ ಅಕ್ಷರ ಬೆಳ್ಳಗೆ. ಆದರೆ ನಲವತ್ತರಲ್ಲಿ ಮೂವತ್ತು ಹಲಗೆಗಳಲ್ಲಿ ‘ಣ’ ಅಕ್ಷರದ ಬಾಲ ಮಾತ್ರ ಕಪ್ಪಗೆ ಉಳಿದಿತ್ತು. ಮೂವತ್ತು ಮಕ್ಕಳು ‘ಣ’ ಶುರು ಮಾಡಿದ್ದರು, ಅರ್ಧಕ್ಕೆ ಬಿಟ್ಟಿದ್ದರು. ಬಡಗಿ ಒಂದು ಕಡ್ಡಿ ತೆಗೆದುಕೊಂಡು ತಾನೇ ಓಡಿಸಿದ. ಬಾಲದ ಹತ್ತಿರ ಕಡ್ಡಿ ಟಕ್ಕೆಂದು ಸಿಕ್ಕಿಕೊಂಡಿತು. ಅಲ್ಲಿ ಅವನ ಉಳಿ ತಿರುವು ಬಿಗಿಯಾಗಿ ತೆಗೆದಿತ್ತು. ತಪ್ಪು ಮಕ್ಕಳದಲ್ಲ, ತೋಡಿನದು.

ಬಡಗಿ ಹೆಗಲ ಮೇಲೆ ವಲ್ಲಿಯೂ ಇಲ್ಲದೆ ರಸ್ತೆ ದಾಟಿ ಓಡಿದ. ಐಗಳನ್ನು ಊಟದ ಎಲೆಯ ಮುಂದಿನಿಂದ ಎಬ್ಬಿಸಿಕೊಂಡು ಬಂದು ಹಲಗೆಗಳ ಮುಂದೆ ನಿಲ್ಲಿಸಿದ. ಐಗಳು ನೋಡಿದರು. ಅವರ ಮುಖ ಸಪ್ಪಗಾಯಿತು. ಆ ತಿಂಗಳೆಲ್ಲ ‘ಣ’ ಮುಗಿಸಲಿಲ್ಲವೆಂದು ಅವರು ಹಿಂಡಿದ ಕಿವಿಗಳಿಗೆ ಲೆಕ್ಕವಿರಲಿಲ್ಲ.

ಮರುದಿನ ಬಡಗಿ ಆ ತಿರುವನ್ನು ಅಗಲ ಮಾಡಿದ. ಮುಂದಿನ ಅಮಾವಾಸ್ಯೆಗೆ ನಲವತ್ತೂ ಹಲಗೆಗಳ ಬಾಲ ಬೆಳ್ಳಗಾಗಿತ್ತು. ಆ ದಿನ ಬಡಗಿಗಾದ ಸಂತೋಷ ಅವನ ಮದುವೆಯ ದಿನವೂ ಆಗಿರಲಿಲ್ಲ. ಅದನ್ನು ಅವನು ಹೆಂಡತಿಯ ಮುಂದೆಯೇ ಹೇಳಿ ಬೈಸಿಕೊಂಡ.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ತೋಡನ್ನು ಓದಲು ಬಂದವನು ಮಕ್ಕಳನ್ನೂ ಓದಬಲ್ಲೆ ಎಂದುಕೊಂಡ. ಕಟ್ಟೆಯ ಮೇಲೆ ಕೂತು, “ಕೂಸಿನ ಮಾರಿ ನೋಡೂದು ಬ್ಯಾಡ, ಹಲಗಿ ಕೊಡ್ರಿ, ಹೆಂಥಾ ಕೂಸು ಅಂತ ಹೇಳತೀನಿ,” ಎನ್ನತೊಡಗಿದ. ಜನ ಬಾಯಿ ತೆರೆದು ಕೇಳಿದರು. ಜನ ಬಾಯಿ ತೆರೆದಷ್ಟೂ ಅವನಿಗೆ ಹುರುಪು ಹೆಚ್ಚಿತು.

ಇದು ಊರ ಗೌಡನ ಕಿವಿಗೆ ಬಿತ್ತು. ಹಲಗೆಗಾಗಿ ಇನ್ನೂ ಮೂರು ಮಕ್ಕಳು ಕಾದಿದ್ದರು. ಬಡಗಿಯ ಬಳಿ ಆ ಮೆತ್ತನೆಯ ಮರ ಮುಗಿದಿತ್ತು. ಗೌಡ ಸುಲಭದ ದಾರಿ ಹೇಳಿದ. ಇರುವ ನಲವತ್ತರಲ್ಲಿ ಕಲಿಯಲಾರದ ಮೂವರು ಯಾರೆಂದು ಬಡಗಿ ಗುರುತಿಸಲಿ. ಅವರ ಹಲಗೆ ಕಾದ ಮಕ್ಕಳಿಗೆ ಹೋಗಲಿ. ಹಲಗೆ ಹೋದ ಮಗು ಪಾಠಕ್ಕೆ ಬರುವ ಮಾತೇ ಇಲ್ಲ.

ಮುಂದಿನ ಅಮಾವಾಸ್ಯೆಗೆ ಬಡಗಿ ಹಲಗೆಗಳನ್ನು ನಿಲ್ಲಿಸಿದ. ಮೊದಲನೆಯ ಹೆಸರಿಗೆ ಅವನು ತಡಕಾಡಬೇಕಾಗಲಿಲ್ಲ. ಬುಟ್ಟಿ ಹೆಣೆಯುವವರ ಹುಡುಗಿಯೊಬ್ಬಳ ಹಲಗೆಯಲ್ಲಿ ‘ಅ’ ಎಂಬ ಅಕ್ಷರವೇ ಇರಲಿಲ್ಲ. ಕಡ್ಡಿ ಉಜ್ಜಿ ಉಜ್ಜಿ ತೋಡಿನ ದಂಡೆ ಕರಗಿ ಅಲ್ಲೊಂದು ತಗ್ಗು ಬಿದ್ದಿತ್ತು. ಉಳಿದ ಮಕ್ಕಳು ‘ಅ’ ವನ್ನು ಮೊದಲ ವಾರದಲ್ಲೇ ದಾಟಿದ್ದರು. ಇವಳು ಇನ್ನೂ ಮೊದಲ ಅಕ್ಷರದ ಹೊಸ್ತಿಲಲ್ಲೇ ಎಡವುತ್ತಿದ್ದಾಳೆ ಎಂದು ಬಡಗಿ ಎಣಿಸಿದ. ಮನಸ್ಸಿಗೆ ಸ್ವಲ್ಪ ನೋವಾಯಿತು. ಖಾತರಿ ಮಾಡಿಕೊಳ್ಳಲು ಐಗಳನ್ನು ಕೇಳಿದ.

“ಆ ಹುಡುಗೀ ಏನು, ಭಾಳ ತಿದ್ದತಾಳ,” ಎಂದರು ಐಗಳು. ಅವರು ಮಧ್ಯಾಹ್ನದ ನಿದ್ದೆಗೆ ಒರಗುತ್ತಿದ್ದರು.

ಬಡಗಿಗೆ ತಿದ್ದುವುದೆಂದರೆ ಸೊಟ್ಟ ಮರವನ್ನು ಬಾಚಿಯಿಂದ ಕೆತ್ತಿ ನೆಟ್ಟಗೆ ಮಾಡುವುದು. ಬರೆದ ಅಕ್ಷರದ ಮೇಲೆ ಮತ್ತೆ ಮತ್ತೆ ಕೈಯಾಡಿಸಿ ಕಲಿಯುವುದಕ್ಕೂ ತಿದ್ದುವುದೆನ್ನುತ್ತಾರೆ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ.

“ಭಾಳ ತಿದ್ದಬೇಕಾದ ಮರಾನ ನಾ ಒಲಿಗೆ ಹಾಕತೀನ್ರಿ,” ಎಂದ.

ಬಡಗಿ ಯಾವುದೋ ಮರದ ಮಾತಾಡುತ್ತಿದ್ದಾನೆ ಎಂದುಕೊಂಡು ಐಗಳು, “ಹಾಕು ಹಾಕು,” ಎಂದು ಕಣ್ಣು ಮುಚ್ಚಿದರು. ಹುಡುಗಿಯ ಹಣೆಬರಹ ಇಷ್ಟು ಮಾತಿನಲ್ಲಿ ತೀರ್ಮಾನವಾಯಿತು.

ಗೌಡನಿಗೆ ಹೇಳಿ ಕಳಿಸಿದ್ದರೆ ಆಳು ಹೋಗಿ ಸುದ್ದಿ ಮುಟ್ಟಿಸಿ ಬರುತ್ತಿದ್ದ. ಆದರೆ ಹಲಗೆ ಬಡಗಿ ಕೈಯಾರೆ ಮಾಡಿದ್ದು. ಕೊಟ್ಟದ್ದನ್ನು ಕಸಿದುಕೊಳ್ಳುವ ಮಾತನ್ನು ಆಳಿನ ಬಾಯಿಯಿಂದ ಹೇಳಿಸಲು ಅವನಿಗೆ ಮನಸ್ಸು ಬರಲಿಲ್ಲ. ಸವೆದ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಹಳ್ಳ ದಾಟಿ, ಬುಟ್ಟಿಯವರ ಓಣಿಗೆ ತಾನೇ ನಡೆದ.

ಓಣಿಯ ಕೊನೆಯಲ್ಲಿ ಏಳು ಹೆಂಗಸರು ಬಿದಿರು ಸೀಳುತ್ತ ಕೂತಿದ್ದರು. ನಡುವೆ ಆ ಹುಡುಗಿ ಕೂತಿದ್ದಳು. ಬಡಗಿಯ ಕಂಕುಳಲ್ಲಿದ್ದ ಹಲಗೆ ಕಂಡದ್ದೇ ಏಳೂ ಮಂದಿ ಕೈಯಲ್ಲಿದ್ದ ಬಿದಿರನ್ನು ಕೆಳಗಿಟ್ಟರು. ಬಡಗಿ ಗಂಟಲು ಸರಿಮಾಡಿಕೊಂಡ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಅವನು ಬಾಯಿ ತೆರೆಯುವ ಮೊದಲೇ, ಮೂಲೆಯಲ್ಲಿ ಕೂತಿದ್ದ ಎಲ್ಲರಿಗಿಂತ ಹಿರಿಯ ಮುದುಕಿ ಮಾತಾಡಿದಳು.

“ಈ ಹಲಗಿ ಮಾಡಿದಾಂವ ನೀನ ಏನಪಾ? ಹೊತ್ತಿಗೆ ಸರಿಯಾಗಿ ಬಂದಿ ನೋಡು. ಇವರೆಲ್ಲ ಬರದು ಬರದು ನನ್ನ ಪಾಳಿ ಬರೂದ್ರಾಗ ‘ಅ’ ಸವದು ಹೋಗೇತಿ. ನನಗೊಂದು ‘ಅ’ ಕೆತ್ತಿಕೊಡು.”

ಬಡಗಿ ಮುದುಕಿಯನ್ನು ನೋಡಿದ. ಹಲಗೆಯನ್ನು ನೋಡಿದ. ಹುಡುಗಿಯನ್ನು ಕೇಳಿದ.

“ನಿನಗ ‘ಅ’ ಬರತೈತೇನವಾ?”

“ನನಗ ಮೊದಲನೇ ದಿನಾನ ಬಂತ್ರಿ,” ಎಂದಳು ಹುಡುಗಿ. “ಇವರಿಗೆ ಬರಬೇಕಲ್ರಿ.”

ಬಡಗಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಮೊದಲಿನಿಂದ ಓದಿದ. ‘ಅ’ ಪೂರ್ತಿ ಸವೆದಿತ್ತು. ‘ಆ’ ಅದಕ್ಕಿಂತ ಸ್ವಲ್ಪ ಕಡಿಮೆ. ‘ಇ’ ಇನ್ನೂ ಕಡಿಮೆ. ‘ಕ’ ದ ಹೊತ್ತಿಗೆ ಅರ್ಧಕ್ಕೆ ಇಳಿದಿತ್ತು. ‘ಳ’ ದ ತೋಡಿನಲ್ಲಿ ಒಬ್ಬಳದೇ ಕಡ್ಡಿ ಓಡಿತ್ತು. ಅದು ಎಡವುವ ಮಗುವಿನ ಹಲಗೆಯಾಗಿರಲಿಲ್ಲ. ಎಡವುವವಳಾಗಿದ್ದರೆ ಮುಂದಿನ ಅಕ್ಷರಗಳಲ್ಲಿ ಕಡ್ಡಿಯೇ ಆಡಿರುತ್ತಿರಲಿಲ್ಲ. ಒಬ್ಬಳು ಮುಂದೆ ಹೋಗಿದ್ದಳು, ಹೋಗಿ ತಿರುಗಿ ಬಂದು ಇನ್ನೊಬ್ಬಳನ್ನು ‘ಅ’ ದ ಬಾಗಿಲಿಗೆ ಕರೆತಂದಿದ್ದಳು. ಮತ್ತೆ ಇನ್ನೊಬ್ಬಳನ್ನು. ಮತ್ತೆ ಇನ್ನೊಬ್ಬಳನ್ನು. ಗುರುತೆಲ್ಲ ಹಲಗೆಯ ಮೇಲೇ ಇತ್ತು. ಮನೆಯಲ್ಲಿ ಗೋಡೆಗೆ ನಿಲ್ಲಿಸಿ ನೋಡಿದಾಗಲೂ ಇತ್ತು. ಅವನು ಅದನ್ನು ನೋಡಿಯೂ ಇದ್ದ.

ಬಡಗಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಮೈತುಂಬ ಒಂದು ಹಿಗ್ಗು ಬಂತು. ಅವನು ನಲವತ್ತು ಮಕ್ಕಳಿಗೆಂದು ಮಾಡಿದ ಹಲಗೆ ಒಂದು ಓಣಿಗೆ ಓದು ಕಲಿಸುತ್ತಿತ್ತು. ಅವನಿಗೇ ಗೊತ್ತಿರಲಿಲ್ಲ.

“ಅಜ್ಜೀ, ಬಂದೆ, ಇರು,” ಎಂದು ಎದ್ದವನು ಮನೆಯವರೆಗೆ ಓಡಿದ. ಹಳ್ಳದಲ್ಲಿ ಒಂದು ಕಾಲಿನ ಚಪ್ಪಲಿ ಉಳಿಯಿತು. ಉಳಿ ಕೈಗೆತ್ತಿಕೊಂಡಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, “ಇವತ್ತ ಅಮಾಸಿ ಐತಿ,” ಎಂದಳು. ಅವನ ಅಪ್ಪನಾಗಲಿ ಅಜ್ಜನಾಗಲಿ ಆ ದಿನ ಉಳಿ ಮುಟ್ಟಿದವರಲ್ಲ. ಅವನು ಮುಟ್ಟಿದ. ಅವಳ ಪಕ್ಕದಿಂದ ನುಸುಳಿ ಮತ್ತೆ ಓಡಿದ.

ಹಲಗೆಯ ಹಿಂಬದಿ ನುಣ್ಣಗಿತ್ತು. ಅಲ್ಲಿ ಅಂಗೈಯಗಲದ ಒಂದು ‘ಅ’ ತೋಡಿದ, ಮುದುಕಿಯ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ, ಅವಳ ನಡುಗುವ ಕೈ ದಂಡೆ ಹಾರದಷ್ಟು ಆಳವಾಗಿ. ಮುದುಕಿ ಕಡ್ಡಿ ಇಟ್ಟಳು. ಹುಡುಗಿ ಅವಳ ಬೆರಳು ಹಿಡಿಯಲು ಹೋದಳು. ಮುದುಕಿ ಅವಳ ಕೈ ಸರಿಸಿ, ತಾನೇ ಓಡಿಸಿದಳು.

ಸಂಜೆ ಬಡಗಿ ಗೌಡನ ಬಳಿ ಹೋಗಿ, ನಾನು ತಪ್ಪು ಓದಿದೆ ಎಂದ. ತನ್ನ ಪಟ್ಟಿಯಲ್ಲಿದ್ದ ಉಳಿದ ಇಬ್ಬರ ಮನೆಗೂ ಹೋಗಿ ಬಂದ. ಒಬ್ಬನ ಹಲಗೆಯಲ್ಲಿ ಸಿಬರು ಎದ್ದಿತ್ತು, ಕಡ್ಡಿ ಆಡಿಸಿದರೆ ಬೆರಳಿಗೆ ಚುಚ್ಚುತ್ತಿತ್ತು, ಅದಕ್ಕೇ ಅವನು ಮುಟ್ಟುತ್ತಿರಲಿಲ್ಲ. ಇನ್ನೊಬ್ಬನಿಗೆ ನಿಜವಾಗಿಯೂ ಬರುತ್ತಿರಲಿಲ್ಲ. ಅವನನ್ನು ಐಗಳು ಪಕ್ಕದಲ್ಲಿ ಕೂರಿಸಿಕೊಂಡು ಬೆರಳು ಹಿಡಿದು ಬರೆಸಿದರು. ಈಗ ಅವರ ಕೈ ಬಿಡುವಾಗಿತ್ತಲ್ಲ. ಕಾದ ಮೂವರಿಗಾಗಿ ಬಡಗಿ ತನ್ನ ಮನೆಯ ಜಂತಿಗೆಂದು ಇಟ್ಟಿದ್ದ ಗಟ್ಟಿ ಮರವನ್ನೇ ಸೀಳಿ ಹಲಗೆ ಮಾಡಿದ. ಅವನ್ನು ತೋಡುವಾಗ ಎರಡು ಉಳಿ ಮುರಿದವು. ಹೆಂಡತಿ ಒಂದು ವಾರ ಮಾತಾಡಲಿಲ್ಲ.

ಕತೆ ಇಲ್ಲಿಗೆ ನಿಂತಿತು.

ಮಹಾನಂದಾಳ ಕಣ್ಣು ಮಿನುಗುತ್ತಿತ್ತು. ಶಿಷ್ಯರಿಗೆ ಕತೆಯ ತಿರುಳು ಸಿಕ್ಕಿತೆನಿಸಿದಾಗ ಬರುವ ಅವಸರ ಅವಳಿಗೂ ಬಂತು.

“ತಿಳೀತ್ರಿ ಅಪ್ಪಾರ,” ಎಂದಳು. “ಈ ಯಂತ್ರ ಸುಳ್ಳು ಹೇಳತೈತಿ. ಇನ್ನ ಮ್ಯಾಲೆ ಗುರುತು ನೋಡೂದು ಬಿಟ್ಟುಬಿಡತೀನ್ರಿ.”

“ಬಡಗಿ ಬಿಟ್ಟನೇನು?” ಎಂದರು ಅಪ್ಪನವರು. “ಸಾಯೂ ಮಟಾ ಪ್ರತಿ ಅಮಾಸಿಗೆ ಹಲಗಿ ನೋಡಿದ. ನೋಡಲಿಲ್ಲಂದ್ರ ಆ ‘ಣ’ ಇವತ್ತಿಗೂ ಮಕ್ಕಳ ಕಿವಿ ಹಿಂಡಿಸತಿತ್ತು. ಹಲಗಿ ಸುಳ್ಳು ಹೇಳಲಿಲ್ಲ. ನಿನ್ನ ಯಂತ್ರಾನೂ ಹೇಳಿಲ್ಲ. ಇನ್ನೂರಾ ಹನ್ನೆರಡು ಅನ್ನೂದು ಖರೇ ಐತಿ.”

“ಹಂಗಾರ ಸಹಿ ಮಾಡತೀರೇನ್ರಿ?” ಮಹಾನಂದಾ ತಬ್ಬಿಬ್ಬಾದಳು.

ಅಪ್ಪನವರು ಪೆನ್ನಿನ ಮುಚ್ಚಳ ಬಿಚ್ಚಿದರು. ಹಾಳೆಯ ಮೇಲೆ ಲಗಮವ್ವನ ಹೆಸರಿನ ಹತ್ತಿರ ಅದರ ಮೊನೆ ಇಟ್ಟು ತಲೆಯೆತ್ತಿದರು.

“ಮಾಡತೀನಿ, ನೀ ಇಷ್ಟು ಹೇಳು ತಂಗಿ. ಲಗಮವ್ವ ಇನ್ನೂರಾ ಹನ್ನೆರಡು ಸಲ ತಪ್ಪು ತಿದ್ದಿದಳೋ, ಅಕ್ಷರ ತಿದ್ದಿದಳೋ?”

ಮಹಾನಂದಾ ಕೈಯಲ್ಲಿದ್ದ ತೆರೆಯ ಮೇಲಿನ ಗುಂಡಿಯನ್ನು ನೋಡಿದಳು. ಆ ಮಾತನ್ನು ಅಲ್ಲಿ ಹಾಕಿಸಿದವಳು ಅವಳೇ.